ನಾಲ್ಕು ಹೆಸರಿನ ಫೈಲು

ಮೇ ತಿಂಗಳ ಬಿಸಿಲಿನಲ್ಲಿ ಗ್ರಾಂಟ್ ರೋಡ್ ಸ್ಟೇಷನ್ನಿನ ಸೇತುವೆಯ ಮೇಲೆ, ಸೀರೆಯ ಮೇಲೊಂದು ಮೆರೂನ್ ಬಣ್ಣದ ಉಣ್ಣೆಯ ಸ್ವೆಟರ್ ತೊಟ್ಟು, ಹೆಬ್ಬೆರಳಿಗೆ ಬೇರೆ ಗೂಡಿರುವ ಬೂದು ಬಣ್ಣದ ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ಹೆಂಗಸನ್ನು ಆ ಕಾಲದಲ್ಲಿ ಯಾರಾದರೂ ಕಂಡಿದ್ದರೆ, ಅವರೇ ನಮ್ಮ ಮೇಡಂ. ಸ್ವೆಟರ್ ತೆಗೆಯುವುದನ್ನು ಅವರು ಮರೆಯುತ್ತಿದ್ದರು. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ಬೆವರು ಒರೆಸಿಕೊಳ್ಳುತ್ತಾ ಅವರನ್ನು ನೋಡುತ್ತಿದ್ದರು. ಒಮ್ಮೆ ಒಬ್ಬಾಕೆ ಕನಿಕರದಿಂದ ಎದ್ದು ಸೀಟು ಬಿಟ್ಟುಕೊಟ್ಟಳಂತೆ. "ಚಳಿಜ್ವರ ಅಂದ್ಕೊಂಡಿದ್ಲು ಪಾಪ. ನಾನೂ ಸುಮ್ಮನೆ ಕೂತ್ಕೊಂಡೆ. ಕುರ್ಲಾವರೆಗೂ ಸೀಟು" ಎಂದು ಮರುದಿನ ನನಗೆ ಹೇಳಿದರು.

ಸ್ವೆಟರಿಗೆ ಕಾರಣ ನಮ್ಮ ಕಂಪ್ಯೂಟರ್ ಕೋಣೆ. ಉಡುಪಿ ಹೋಟೆಲೊಂದರ ಮೇಲಿನ ಮಹಡಿಯಲ್ಲಿ ರಕ್ತದಾನಿಗಳ ವಿವರ ಇಡುವ ಒಂದು ಸಣ್ಣ ಟ್ರಸ್ಟ್ ಇತ್ತು. ಯಾವ ಆಸ್ಪತ್ರೆಯಿಂದ ಯಾವ ಗುಂಪಿನ ರಕ್ತ ಬೇಕೆಂದು ಫೋನ್ ಬಂದರೂ ಆ ಗುಂಪಿನ ದಾನಿಗಳನ್ನು ಹುಡುಕಿ ಕರೆಸುವುದು ನಮ್ಮ ಕೆಲಸ. ಇಡೀ ಮಹಡಿಯಲ್ಲಿ ಏಸಿ ಇದ್ದದ್ದು ಕಂಪ್ಯೂಟರಿಗೆ ಮಾತ್ರ. ಕೋಣೆಗೆ ಧೂಳು ಹೋಗಬಾರದೆಂದು ಚಪ್ಪಲಿಯನ್ನು ಬಾಗಿಲಲ್ಲೇ ಬಿಡಬೇಕಿತ್ತು. ಟ್ರಸ್ಟಿನ ಅಧ್ಯಕ್ಷರಾದರೂ ಸರಿ, ಬೂಟು ಬಿಚ್ಚಿಯೇ ಒಳಗೆ ಬರಬೇಕು.

ಮೇಡಂ ಮೈಸೂರಿನವರು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಚೆಂಬೂರಿಗೆ ಬಂದವರು. ಗಂಡನಿಗೆ ರಿಫೈನರಿಯಲ್ಲಿ ಕೆಲಸ. ನಾನು ಅವರ ಕೈಕೆಳಗೆ ದಾನಿಗಳ ವಿವರ ಟೈಪು ಮಾಡುತ್ತಿದ್ದೆ. ಗೋರೆಗಾಂವಿನಿಂದ ಬರುತ್ತಿದ್ದೆ. ನಾನು ಅಲ್ಲಿ ಕೆಲಸಕ್ಕೆ ಸೇರಿದ್ದಕ್ಕೆ ಕಾರಣ ನನ್ನ ತಂಗಿ. ಅವಳ ಮೊದಲ ಹೆರಿಗೆಯಲ್ಲಿ ರಕ್ತ ಬೇಕಾದಾಗಲೇ ಅವಳದು ಬಾಂಬೆ ಗುಂಪು ಎಂದು ಗೊತ್ತಾದದ್ದು. ಇದೇ ಊರಿನಲ್ಲಿ ಮೊದಲು ಗುರುತಿಸಿದ್ದರಿಂದ ಅದಕ್ಕೆ ಆ ಹೆಸರು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಗುಂಪಿನಂತೆಯೇ ಕಾಣುತ್ತದೆ. ಆದರೆ ಆ ಗುಂಪಿನವರಿಗೆ ಓ ರಕ್ತ ಕೊಟ್ಟರೆ ಜೀವಕ್ಕೆ ಅಪಾಯ. ಅದೇ ಗುಂಪಿನವರದೇ ಬೇಕು, ಅಂಥವರು ಬಹಳ ಅಪರೂಪ. ಅಂದು ಈ ಟ್ರಸ್ಟ್ ಎಲ್ಲಿಂದಲೋ ಒಬ್ಬ ದಾನಿಯನ್ನು ಕರೆಸಿ ಅವಳನ್ನು ಉಳಿಸಿತು. ಯಾರ ರಕ್ತವೆಂದು ಹೇಳಲಿಲ್ಲ. ದಾನಿಗೂ ಪಡೆದವರಿಗೂ ಪರಿಚಯ ಮಾಡಿಸಬಾರದು ಎಂಬುದು ಅಲ್ಲಿನ ನಿಯಮ. ಆ ನಿಯಮವನ್ನು ಮೇಡಂ ಪಾಲಿಸಿದಷ್ಟು ಬಿಗಿಯಾಗಿ ಬೇರೆ ಯಾರೂ ಪಾಲಿಸಿದ್ದನ್ನು ನಾನು ಕಾಣೆ.

ಪ್ರತಿ ವರ್ಷ ಚೆಂಬೂರಿನ ತಮ್ಮ ಕಾಲೊನಿಯ ಗಣೇಶೋತ್ಸವದಲ್ಲಿ ಅವರು ಚಪ್ಪಲಿ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದರು. ಹಾಡಿಗೆ ಕರೆದರೂ ಪ್ರಸಾದ ಹಂಚಲು ಕರೆದರೂ ಹೋಗುತ್ತಿರಲಿಲ್ಲ. ಮೊದಲ ವರ್ಷ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ತಗಡಿನ ಟೋಕನ್ನುಗಳು ನೂರಕ್ಕೆ ಮುಗಿದವು. ಸಮಿತಿಯವರು ಇನ್ನೊಂದು ಕಟ್ಟು ತಂದುಕೊಟ್ಟರು. ಅದರಲ್ಲೂ ಒಂದರಿಂದಲೇ ನಂಬರು. ಮಂಗಳಾರತಿ ಮುಗಿದು ಜನ ಒಮ್ಮೆಗೇ ನುಗ್ಗಿದಾಗ, ಒಂದೇ ನಂಬರಿನ ಟೋಕನ್ ಹಿಡಿದ ಇಬ್ಬಿಬ್ಬರು ಬಂದರು. ನಾನು ಕಂಗಾಲಾದೆ. ಮೇಡಂ ಮಾತ್ರ ನಿಧಾನವಾಗಿ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು: "ನಂಬರ್ ಹೇಳಿದ್ದು ಸಾಕು. ಚಪ್ಪಲಿ ಹೇಗಿದೆ ಹೇಳಿ."

ಒಬ್ಬ ದೊಡ್ಡ ಅಧಿಕಾರಿ ಸಿಟ್ಟಾದರು. "ನನ್ನ ಚಪ್ಪಲಿ ಹೇಗಿದೆ ಅಂತ ನಾನ್ಯಾಕೆ ನೋಡ್ಲಿ? ಟೋಕನ್ ಇದೆಯಲ್ಲ."

"ಹಾಗಿದ್ರೆ ಈ ಟೋಕನ್ನೇ ಮೆಟ್ಕೊಂಡು ಹೋಗಿ ಸಾರ್" ಎಂದರು ಮೇಡಂ.

ಈ ಪ್ರಶ್ನೆ ಆಮೇಲೆ ಅವರ ಮಾತಾಗಿ ಹೋಯಿತು. ನಾನು ಫಾರಂ ನೋಡಿ ಏನಾದರೂ ಹೇಳಿದರೆ ಸಾಕು, "ಚಪ್ಪಲಿ ಹೇಗಿದೆ?" ಎನ್ನುತ್ತಿದ್ದರು. ಅಂದರೆ, ಫೋನ್ ಮಾಡಿ ಆ ಮನುಷ್ಯನನ್ನೇ ಕೇಳಿದೆಯಾ ಎಂದು.

ಇನ್ನು ಮುಂದಿನದಕ್ಕೆ ಅವರು ಫೈಲುಗಳನ್ನು ಜೋಡಿಸಿದ್ದ ರೀತಿಯನ್ನು ಹೇಳಬೇಕು. ಪ್ರತಿ ದಾನಿಗೂ ನಾವು ನಂಬರಿರುವ ಒಂದು ಕಾರ್ಡು ಕೊಡುತ್ತಿದ್ದೆವು. ಕಂಪ್ಯೂಟರಿನಲ್ಲಿ ಆ ನಂಬರಿಗೆ ಒಂದು ಫೈಲು. ಅದರಲ್ಲಿ ಹೆಸರು, ವಿಳಾಸ, ಫೋನು, ಕೊನೆಯ ಸಲ ರಕ್ತ ಕೊಟ್ಟ ದಿನ. ಆದರೆ ಆ ಒಂದೇ ಫೈಲನ್ನು ಎರಡು ಕಡೆಯಿಂದ ತೆರೆಯಬಹುದಿತ್ತು: ದಾನಿಗಳ ಪಟ್ಟಿಯಿಂದ ಒಂದು ಹೆಸರಿನಲ್ಲಿ, ರಕ್ತದ ಗುಂಪಿನಿಂದ ಇನ್ನೊಂದು ಹೆಸರಿನಲ್ಲಿ. "ಮನೇಲಿ ಪುಟ್ಟಿ ಅಂತಾರೆ, ಸ್ಕೂಲಲ್ಲಿ ಪೂರ್ತಿ ಹೆಸರು ಕೂಗ್ತಾರೆ. ಹುಡುಗಿ ಒಬ್ಬಳೇ ತಾನೆ?" ಎಂದು ನನಗೆ ವಿವರಿಸಿದ್ದರು. ಡಿಸ್ಕ್ ದುಬಾರಿಯಾಗಿದ್ದ ಕಾಲ. ಒಂದೇ ವಿವರವನ್ನು ಎರಡು ಸಲ ಇಟ್ಟರೆ ಜಾಗ ಸಾಲದು, ವಿಳಾಸ ಬದಲಾದಾಗ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವ ಭಯ ಬೇರೆ. ಈ ಏರ್ಪಾಡಿನ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಇರಬೇಕಾದ ಹೆಮ್ಮೆಯೇ.

ತೊಂಬತ್ತರ ದಶಕದ ಮೊದಲಲ್ಲಿ ದೊಡ್ಡ ಡಿಸ್ಕಿನ ಹೊಸ ಯಂತ್ರ ಬಂತು. ವಾರಕ್ಕೊಮ್ಮೆ ಎಲ್ಲವನ್ನೂ ಟೇಪಿಗೆ ಬರೆದಿಡುತ್ತಿದ್ದೆವು. ಅದಕ್ಕೆ ಹಳೆಯ ಯಂತ್ರದ ಪ್ರೋಗ್ರಾಮನ್ನೇ ಹೊಸದಕ್ಕೂ ಹಾಕಿಕೊಂಡಿದ್ದೆವು. ಅದು ಯಾವತ್ತೂ ಕೈಕೊಟ್ಟಿರಲಿಲ್ಲ. ಒಂದು ಮಳೆಗಾಲದಲ್ಲಿ ಕರೆಂಟು ಬಂದು ಹೋಗಿ ಬಂದು ಡಿಸ್ಕ್ ಕೆಟ್ಟಿತು. ಬೇರೆ ಡಿಸ್ಕ್ ಹಾಕಿಸಿ, ಟೇಪಿನಿಂದ ಎಲ್ಲವನ್ನೂ ಮರಳಿ ತುಂಬಿದೆವು. ಅಲ್ಲೊಂದು ಇಲ್ಲೊಂದು ಫೈಲು ತೆರೆದು ನೋಡಿದೆವು. ಸರಿಯಾಗಿತ್ತು.

ಅದಾದ ಕೆಲವೇ ವಾರಗಳಿಗೆ ನನ್ನ ತಂಗಿ ಎರಡನೆಯ ಹೆರಿಗೆಗೆ ಆಸ್ಪತ್ರೆ ಸೇರಿದಳು. ಮಗುವಿನ ಮಾಸು ಕೆಳಗೆ ಕೂತಿದೆ, ಆಪರೇಷನ್ ಆಗಲೇಬೇಕು ಎಂದರು. ಆಗಲೇ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿತ್ತು. ಡಾಕ್ಟರು ಸ್ಪಷ್ಟವಾಗಿ ಹೇಳಿದರು: "ನಾಳೆಗಿಂತ ಮುಂದೆ ಹಾಕಲು ಆಗುವುದಿಲ್ಲ. ಅವಳ ಗುಂಪಿನ ಒಂದು ಬಾಟಲಿಯಾದರೂ ಪಕ್ಕದಲ್ಲಿಲ್ಲದೆ ನಾನು ಕತ್ತರಿ ಹಿಡಿಯುವುದೂ ಇಲ್ಲ."

ಬಾಂಬೆ ಗುಂಪಿನ ಕೆಳಗೆ ನಮ್ಮಲ್ಲಿ ಬೆರಳೆಣಿಕೆಯ ದಾನಿಗಳು. ಒಬ್ಬರು ಗಲ್ಫಿಗೆ ಹೋಗಿದ್ದರು. ಒಬ್ಬರಿಗೆ ಕಾಮಾಲೆ. ಇನ್ನೊಬ್ಬಾಕೆ ಹಿಂದಿನ ತಿಂಗಳಷ್ಟೇ ಕೊಟ್ಟಿದ್ದರು. ಉಳಿದದ್ದು ಒಂದು ಫೈಲು. ತೆರೆದರೆ ಗೋರೆಗಾಂವಿನ ವಿಳಾಸ. ಸಿನಿಮಾ ಸೆಟ್ಟು ಕಟ್ಟುವ ಬಡಗಿ. ಫೋನ್ ಮಾಡಿದೆ. ಆತ ಕೆಲಸ ಬಿಟ್ಟು ನಮ್ಮ ಆಫೀಸಿಗೆ ಬಂದ. ಪಕ್ಕದ ಕಟ್ಟಡದ ಲ್ಯಾಬಿನವರು ಪರೀಕ್ಷೆ ಮಾಡಿ ಕಂಪ್ಯೂಟರ್ ಕೋಣೆಗೇ ಬಂದು, ನನ್ನ ಮುಖ ನೋಡದೆ, "ಸಾಮಾನ್ಯ ಓ" ಎಂದರು.

ನಾನು ಬಾಂಬೆ ಗುಂಪಿನಿಂದ ಆ ಫೈಲನ್ನು ಮತ್ತೆ ತೆರೆದೆ. ಅದೇ ಬಡಗಿಯ ಹೆಸರು.

ನಮ್ಮ ಕಾರ್ಯದರ್ಶಿಗಳು ಬಾಗಿಲಲ್ಲಿ ಬೂಟು ಬಿಚ್ಚುತ್ತಲೇ ಶುರುಮಾಡಿದರು. ಅವರಿಗೆ ಕಂಪ್ಯೂಟರ್ ಮೊದಲಿನಿಂದಲೂ ಬೇಡವಾಗಿತ್ತು. "ಕ್ಯಾ ಮೇಡಂ, ಇಸ್ ಕೋ ಖಾಲೀ ಪೀಲೀ ಬುಲಾಯಾ? ಸುಮ್ಮಸುಮ್ಮನೆ ಕರೆಸಿದ ಹಾಗಾಯ್ತಲ್ಲ. ನಾನು ಹೇಳಿದ್ದೆ, ಕಾರ್ಡುಗಳೇ ಸಾಕು ಅಂತ. ಕಮಿಟಿಗೆ ಬರೀತೀನಿ. ಈ ಡಬ್ಬಾ ಬಂದ್."

ಬಡಗಿ ಸಮಾಧಾನದ ಮನುಷ್ಯ. ತೋಳಿನ ಹತ್ತಿ ಒತ್ತಿಕೊಂಡು, "ಆಧಾ ಮಹಲ್ ಛೋಡ್ ಕೇ ಆಯಾ ಹೂಂ, ಸಾಬ್. ರಾಜಾ ಬಾಹರ್ ಖಡಾ ಹೈ" ಎಂದ. ಅರ್ಧ ಕಟ್ಟಿದ ಅರಮನೆ ಬಿಟ್ಟು ಬಂದಿದ್ದನಂತೆ, ರಾಜ ಹೊರಗೆ ಕಾಯುತ್ತಿದ್ದನಂತೆ.

ಮೇಡಂ ಬಡಗಿಯತ್ತ ತಿರುಗಿ, ಅವನ ದಾನಿ ಕಾರ್ಡು ಕೇಳಿದರು. ಪಾಕೀಟಿನಿಂದ ತೆಗೆದುಕೊಟ್ಟ. ಕಾರ್ಡಿನ ಮೇಲಿನ ನಂಬರು ಬೇರೆ, ನಾನು ತೆರೆದಿದ್ದ ಫೈಲಿನ ನಂಬರು ಬೇರೆ. ಅವರು ಕಾರ್ಡಿನ ನಂಬರು ಒತ್ತಿದರು. ಬಡಗಿಯ ಹೆಸರು ಬಂತು. ಬಾಂಬೆ ಗುಂಪಿನ ಫೈಲಿನ ನಂಬರು ಒತ್ತಿದರು. ಮತ್ತೆ ಬಡಗಿಯದೇ ಹೆಸರು.

"ಎರಡು ನಂಬರು, ಒಬ್ಬನೇ ಮನುಷ್ಯ" ಎಂದರು. ದನಿಯಲ್ಲಿ ಗಾಬರಿ ಇರಲಿಲ್ಲ. ಫೈಲಿಗೆ ಎಷ್ಟು ಹೆಸರಿವೆ ಎಂದು ಯಂತ್ರವನ್ನು ಕೇಳಿದರು. ಯಂತ್ರ ಅದನ್ನು ಎಣಿಸಿಟ್ಟುಕೊಂಡಿರುತ್ತದೆ. ಪರದೆಯನ್ನು ಬೆರಳಿನಿಂದ ಮುಟ್ಟಿ ನನಗೆ ತೋರಿಸಿದರು. "ನೋಡು. ಎರಡು ಇರ್ಬೇಕು. ನಾಲ್ಕಿದೆ."

ಆಮೇಲೆ ಇಡೀ ಡಿಸ್ಕಿನಲ್ಲಿ ಎರಡಕ್ಕಿಂತ ಹೆಚ್ಚು ಹೆಸರಿರುವ ಫೈಲುಗಳನ್ನು ಕೇಳಿದರು. ಪರದೆ ತುಂಬಿತು. ಮೇಲಕ್ಕೆ ಸರಿಯಿತು, ಮತ್ತೆ ತುಂಬಿತು. ನಿಲ್ಲಲಿಲ್ಲ. ಕಾರ್ಯದರ್ಶಿಗಳು ಕೂಡ ಬಗ್ಗಿ ನೋಡಿದರು. ಪ್ರತಿ ಸಾಲಿನಲ್ಲೂ ಒಬ್ಬ ದಾನಿಯ ಜಾಗದಲ್ಲಿ ಇನ್ನೊಬ್ಬ ಕೂತಿದ್ದ.

ಮೇಡಂ ಸ್ವೆಟರ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಆ ಕೋಣೆಯೊಳಗೆ ಅವರು ಸ್ವೆಟರ್ ಬಿಚ್ಚಿದ್ದನ್ನು ನಾನು ನೋಡಿದ್ದು ಆಗ ಮಾತ್ರ. ನಂತರ ನನಗೆ ಹೇಳಿದರು:

"ಟೋಕನ್ ಮುಗಿದಿದೆ ಕಣೇ."

ಅವರು ಅಂದು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹೆಸರುಗಳು ನಮ್ಮ ಅನುಕೂಲಕ್ಕೆ. ಯಂತ್ರ ಪ್ರತಿ ಫೈಲನ್ನೂ ಗುರುತಿಸುವುದು ತಾನೇ ಕೊಟ್ಟ ಒಂದು ನಂಬರಿನಿಂದ, ಅದು ದಾನಿಯ ನಂಬರಲ್ಲ. ಎರಡು ಹೆಸರಿಗೆ ನಂಬರು ಒಂದೇ ಇದ್ದರೆ ಅವೆರಡೂ ಒಂದೇ ಫೈಲು ಎಂದು ಅದಕ್ಕೆ ಅರ್ಥ. ಹಳೆಯ ಯಂತ್ರದಲ್ಲಿ ಈ ನಂಬರು ಅರವತ್ತೈದು ಸಾವಿರ ಚಿಲ್ಲರೆ ದಾಟುವಂತೆಯೇ ಇರಲಿಲ್ಲ. ಹಾಗಾಗಿ ಟೇಪಿಗೆ ಬರೆಯುವ ಪ್ರೋಗ್ರಾಂ ಆ ನಂಬರಿಗೆಂದು ಇಟ್ಟಿದ್ದ ಜಾಗವೂ ಅಷ್ಟೇ. ಹೊಸ ಡಿಸ್ಕ್ ದೊಡ್ಡದು. ಅದರ ನಂಬರುಗಳು ಆ ಗಡಿ ದಾಟಿ ಎಷ್ಟೋ ಮುಂದೆ ಹೋಗಿದ್ದವು. ದೊಡ್ಡ ನಂಬರು ಬಂದಾಗ ಪ್ರೋಗ್ರಾಂ ತಪ್ಪೆಂದು ಹೇಳಲಿಲ್ಲ, ನಿಲ್ಲಲೂ ಇಲ್ಲ. ಹಿಡಿಸಿದಷ್ಟನ್ನು ಬರೆದುಕೊಂಡು ಉಳಿದದ್ದನ್ನು ಬಿಟ್ಟಿತು. ಗಡಿ ದಾಟಿದ ಫೈಲುಗಳಿಗೆ ಮತ್ತೆ ಮೊದಲಿನಿಂದ ನಂಬರು ಹಂಚಿದ ಹಾಗಾಯಿತು. ಮರಳಿ ತುಂಬುವಾಗ ಒಂದೇ ನಂಬರು ಕಂಡದ್ದನ್ನೆಲ್ಲ ಅದು ಒಂದೇ ಫೈಲೆಂದು ತಿಳಿದು, ಮೊದಲು ಸಿಕ್ಕಿದ್ದಕ್ಕೆ ಉಳಿದ ಹೆಸರುಗಳನ್ನು ಕಟ್ಟಿಹಾಕಿತು. ಒಂದೊಂದು ಫೈಲಿಗೂ ಒಂದೇ ಹೆಸರಿರುವ ಕಡೆ ಹೀಗೆ ಕಟ್ಟುವ ಮಾತೇ ಬರುತ್ತಿರಲಿಲ್ಲ, ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ನಮ್ಮಲ್ಲಿ ಪ್ರತಿಯೊಂದಕ್ಕೂ ಎರಡು ಹೆಸರು.

"ನನ್ನ ಪುಟ್ಟೀನೇ ಸಿಕ್ಕಿಹಾಕಿಕೊಂಡ್ಲು" ಎಂದು ಮೇಡಂ ತಲೆಯಾಡಿಸಿದರು.

"ಹಾಗಾದ್ರೆ ಆ ಇನ್ನೊಬ್ಬ ದಾನಿ?" ಎಂದೆ. "ಅಳಿಸಿಹೋದ್ರಾ?"

ಕಾಗದದ ದಾರಿ ಮುಚ್ಚಿತ್ತು. ರಕ್ತದಾನ ಕ್ಯಾಂಪುಗಳ ಫಾರಂಗಳನ್ನು ಟೈಪು ಮಾಡಿದ ಮೇಲೆ ಗೋದಾಮಿಗೆ ಕಳಿಸುತ್ತಿದ್ದೆವು. ಅದೇ ಮಳೆಯಲ್ಲಿ ಗೋದಾಮಿಗೆ ನೀರು ನುಗ್ಗಿ ಎಲ್ಲವೂ ಮುದ್ದೆಯಾಗಿತ್ತು.

"ಡಿಸ್ಕಲ್ಲಿ ಇಲ್ಲ" ಎಂದರು ಮೇಡಂ. "ಟೇಪಲ್ಲಿ ಇರ್ಬೇಕು. ಬರೆಯೋವಾಗ ಇದು ಪ್ರತಿ ಹೆಸರಿಗೂ ಪೂರ್ತಿ ವಿವರ ಬರೆಯುತ್ತೆ. ಓದೋವಾಗ ಮಾತ್ರ, ಇದು ಆಗ್ಲೇ ಬಂತಲ್ಲ ಅಂತ ಬಿಟ್ಟುಬಿಡುತ್ತೆ. ಅದರ ಕೈಲಿ ಓದಿಸೋದು ಬೇಡ. ನಾವೇ ಓದೋಣ."

ಟೇಪು ಹಾಕಿದರು. ಆ ಪ್ರೋಗ್ರಾಮನ್ನು ಮುಟ್ಟದೆ, ಟೇಪಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಸುರಿದು, ಅದರಲ್ಲಿ ನಮ್ಮ ಬಾಂಬೆ ದಾನಿಯ ನಂಬರು ಎಲ್ಲಿ ಬರುತ್ತದೋ ಅಲ್ಲಿ ನಿಲ್ಲುವಂತೆ ಹೇಳಿದರು. ಟೇಪು ಕಿರುಗುಟ್ಟುತ್ತಾ ತಿರುಗಿತು. ಕೆಳಗಿನ ಹೋಟೆಲಿನಿಂದ ಮಧ್ಯಾಹ್ನದ ಸಾಂಬಾರಿನ ವಾಸನೆ ಬರುತ್ತಿತ್ತು. ಬಡಗಿ ಹೋಗದೆ ಅಲ್ಲೇ ನಿಂತಿದ್ದ. ಕಾರ್ಯದರ್ಶಿಗಳೂ ನಿಂತಿದ್ದರು, ಕೈಯಲ್ಲಿ ಬೂಟು ಹಿಡಿದುಕೊಂಡೇ.

ಟೇಪು ನಿಂತಿತು. ಪರದೆಯ ಮೇಲೆ ಚುಕ್ಕಿ, ಚೌಕ, ಅರ್ಥವಿಲ್ಲದ ಗುರುತುಗಳು. ಅವುಗಳ ನಡುವೆ ದಾನಿಯ ನಂಬರು. ಅದರ ಕೆಳಗೆ ಒಬ್ಬ ಮನುಷ್ಯನ ಹೆಸರು. ಬಡಗಿಯ ಹೆಸರಲ್ಲ. ವೆಲ್ಡರ್. ವಿಳಾಸ ಚೆಂಬೂರು. ಫೋನಿನ ಜಾಗದಲ್ಲಿ ಪಕ್ಕದ ಕಿರಾಣಿ ಅಂಗಡಿಯ ನಂಬರು. ಸ್ವಂತ ಫೋನಿಲ್ಲದವರು ಆಗೆಲ್ಲ ಹಾಗೆಯೇ ಕೊಡುತ್ತಿದ್ದರು.

ಮೇಡಂ ವಿಳಾಸವನ್ನು ಇನ್ನೊಮ್ಮೆ ಓದಿ, "ನಮ್ಮನೆ ಹಿಂದಿನ ರಸ್ತೆ" ಎಂದರು.

ಅಂಗಡಿಯವನು ಫೋನಿನಲ್ಲಿ, ಆತ ಮಾಹುಲ್ ಕಡೆ ಕೆಲಸದ ಮೇಲಿದ್ದಾನೆ, ಸಂಜೆಗೆ ಬರುತ್ತಾನೆ ಎಂದ. ಸಂಜೆಯವರೆಗೆ ಕಾಯುವವರು ಯಾರು? ಮೇಡಂ ನನ್ನ ಕೈ ಹಿಡಿದು ಮೆಟ್ಟಿಲಿಳಿದರು. ಟ್ಯಾಕ್ಸಿ ಸಾಯನ್ ದಾಟಿದ ಮೇಲೆ ನನ್ನ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ಬರೀ ಕಾಲುಚೀಲ. ಚಪ್ಪಲಿ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ಉಳಿದಿತ್ತು.

ವೆಲ್ಡರ್ ವಿಜಾಪುರದ ಕಡೆಯವನು. ಕಣ್ಣಿಗೆ ಹಿಡಿದಿದ್ದ ಕಪ್ಪು ಗಾಜು ಸರಿಸಿ, ಕೆಸರಿನಲ್ಲಿ ಕಾಲುಚೀಲ ಹಾಕಿಕೊಂಡು ನಿಂತಿದ್ದ ಹೆಂಗಸನ್ನು ನೋಡಿದ. ಮೇಡಂ ಎರಡು ಮಾತಿನಲ್ಲಿ ವಿಷಯ ಹೇಳಿದರು.

"ಬರ್ತೀನ್ರಿ, ಅದಕ್ಕೇನಂತ" ಎಂದ ಆತ. "ಆದ್ರ ಬಾಯಾರ, ಚಪ್ಲಿ ಎಲ್ಲಿ ಬಿಟ್ಟ ಬಂದೀರಿ?"

"ಆಫೀಸಲ್ಲಿ."

"ಇಲ್ಲೆಲ್ಲಾ ಕಬ್ಬಿಣದ ಚೂರು ಅದಾವ್ರಿ" ಎಂದು ತನ್ನ ಚಪ್ಪಲಿ ಬಿಚ್ಚಿ ಅವರ ಮುಂದಿಟ್ಟು, ತಾನು ಕೆಲಸದ ಬೂಟು ಹಾಕಿಕೊಂಡ. ಆ ದೊಡ್ಡ ಚಪ್ಪಲಿಯಲ್ಲಿ ಮೇಡಂ ಕಾಲೆಳೆಯುತ್ತಾ ಟ್ಯಾಕ್ಸಿಯವರೆಗೆ ನಡೆದರು.

ದಾರಿಯಲ್ಲಿ ಆತ ಮುಂದಿನ ಸೀಟಿನಿಂದ ತಿರುಗಿ, "ಯಾರಿಗ್ರೀ ಇದು?" ಎಂದು ಕೇಳಿದ.

"ಒಬ್ಬರಿಗೆ" ಎಂದರು ಮೇಡಂ.

"ಗಂಡಸಿಗೋ ಹೆಣ್ಮಗಳಿಗೋ, ಅಷ್ಟರೆ ಹೇಳ್ರಿ."

"ಹೇಳೋ ಹಾಗಿಲ್ಲಪ್ಪ."

ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ತಂಗಿಗೆ ಎಂದು ಹೇಳಿ ಅವನ ಕಾಲಿಗೆ ಬೀಳಬೇಕೆನಿಸಿತು. ಮೇಡಂ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿ ಹಿಡಿದಿದ್ದರು. ಹೇಳಿದ್ದರೆ ಅವನಿಗೆ ಇಲ್ಲವೆನ್ನುವ ಸ್ವಾತಂತ್ರ್ಯ ಇರುತ್ತಿರಲಿಲ್ಲ ಎಂದು ಆಮೇಲೆ ಒಮ್ಮೆ ವಿವರಿಸಿದರು. ಅಂದು ಟ್ಯಾಕ್ಸಿಯಲ್ಲಿ ಆತ, "ಆತು ಬಿಡ್ರಿ. ಯಾರಾರ ಆಗ್ಲಿ" ಎಂದು ಮುಂದೆ ತಿರುಗಿ ಕೂತ.

ಈ ಸಲ ಲ್ಯಾಬಿನವರು ನನ್ನ ಮುಖ ನೋಡಿಯೇ ಹೇಳಿದರು: "ಬಾಂಬೆ."

ಮರುದಿನ ಬೆಳಿಗ್ಗೆ ಆಪರೇಷನ್ ಆಯಿತು. ಆ ಬಾಟಲಿ ಸುಮ್ಮನೆ ಪಕ್ಕದಲ್ಲಿರಲಿಲ್ಲ, ಅದನ್ನು ಕೊಡಲೇಬೇಕಾಯಿತು, ಅದು ಸಾಲುವಷ್ಟೇ ಇತ್ತು. ಹೆಣ್ಣುಮಗು. ನಾನು ಆಸ್ಪತ್ರೆಯಿಂದ ಆಫೀಸಿಗೆ ಫೋನ್ ಮಾಡಿದಾಗ ತೆಗೆದುಕೊಂಡವರು ಕಾರ್ಯದರ್ಶಿಗಳು. ವಿಷಯ ಕೇಳಿ ಅವರು ರಿಸೀವರ್ ಕೈಯಲ್ಲಿ ಹಿಡಿದೇ ಕಂಪ್ಯೂಟರ್ ಕೋಣೆಯತ್ತ ಕೂಗಿದ್ದು ನನಗೆ ಕೇಳಿಸಿತು: "ಮೇಡಂ, ಬೇಟೀ ಹುಯೀ! ದೋನೋ ಠೀಕ್!" ಆ ಕ್ಷಣದಲ್ಲಿ ಬೂಟು ಬಿಚ್ಚದೆ ಒಳಗೆ ನುಗ್ಗಿದರಂತೆ. ಮೇಡಂ ಅದನ್ನು ಮಾಫಿ ಮಾಡಿದರಂತೆ.

ಆ ವಾರವೆಲ್ಲ ಅವರು ಟೇಪನ್ನು ಓದಲು ತಮ್ಮದೇ ಪ್ರೋಗ್ರಾಂ ಬರೆದರು. ಅದು ಯಂತ್ರದ ನಂಬರನ್ನು ನಂಬುತ್ತಿರಲಿಲ್ಲ. ಯಾವುದಕ್ಕೂ ಯಾವುದನ್ನೂ ಕಟ್ಟದೆ ಎಲ್ಲವನ್ನೂ ಬಿಡಿಬಿಡಿಯಾಗಿ ಇಳಿಸಿ, ಆಮೇಲೆ ದಾನಿಯ ನಂಬರು ನೋಡಿ ಜೊತೆ ಮಾಡುತ್ತಿತ್ತು. ಟೇಪಿಗೆ ಬರೆಯುವುದನ್ನೂ ಬದಲಿಸಿದರು. ಯಂತ್ರದ ದೊಡ್ಡ ನಂಬರನ್ನು ಹಾಗೇ ತುರುಕುವ ಬದಲು, ಪ್ರತಿ ಟೇಪಿಗೂ ಹೊಸದಾಗಿ ಒಂದರಿಂದ ಟೋಕನ್. ಒಂದು ಫೈಲಿಗೆ ಒಂದೇ, ಅದರ ಎರಡೂ ಹೆಸರಿಗೆ ಅದೇ. ಟೋಕನ್ ಮುಗಿಯುತ್ತಾ ಬಂದರೆ ನಿಂತು, ಇನ್ನೊಂದು ಟೇಪು ಹಾಕಿ ಎಂದು ಕೇಳುತ್ತಿತ್ತು. ಕೊನೆಯ ದಾನಿಯೂ ಮರಳಿ ಬಂದ ದಿನ, ಎರಡಕ್ಕಿಂತ ಹೆಚ್ಚು ಹೆಸರಿರುವ ಫೈಲುಗಳನ್ನು ತೋರಿಸು ಎಂದು ಅವರು ಮತ್ತೆ ಕೇಳಿದರು. ಪರದೆ ಖಾಲಿಯಾಗಿಯೇ ಉಳಿಯಿತು. ಖಾಲಿ ಪರದೆಯ ಮುಂದೆ ನಾವೆಲ್ಲ ಕೈ ತಟ್ಟಿದೆವು. ಕೆಳಗಿನಿಂದ ಎಲ್ಲರಿಗೂ ಜಿಲೇಬಿ ಬಂತು. ತರಿಸಿದವರು ಕಾರ್ಯದರ್ಶಿಗಳು. ಕಾರ್ಡುಗಳ ಮಾತು ಅವರು ಮತ್ತೆ ಎತ್ತಲಿಲ್ಲ.

ಮುಂದಿನ ಗಣೇಶೋತ್ಸವದಲ್ಲಿ ಚಪ್ಪಲಿ ಸ್ಟ್ಯಾಂಡಿನಲ್ಲಿ ಮೇಡಂ ಪಕ್ಕ ವೆಲ್ಡರ್ ಕೂತಿದ್ದ. ಅದರ ಮುಂದಿನ ವರ್ಷವೂ, ಆಮೇಲೂ. ನನ್ನ ತಂಗಿಯನ್ನು ಮಾತ್ರ ಮೇಡಂ ಆ ಉತ್ಸವಕ್ಕೆ ಒಮ್ಮೆಯೂ ಕರೆಯಲಿಲ್ಲ. ಅವಳ ಮನೆಗೆ ತಾವೇ ಹೋಗಿ ಮಗುವಿಗೆ ಸ್ವೆಟರ್ ಹೆಣೆದು ಕೊಟ್ಟು ಬರುತ್ತಿದ್ದರು. ಮುಂಬಯಿಯಲ್ಲಿ ಆ ಮಗುವಿಗಿದ್ದಷ್ಟು ಸ್ವೆಟರು ಬೇರೆ ಯಾವ ಮಗುವಿಗೂ ಇರಲಿಲ್ಲ.

ಮೇಡಂ ತೀರಿಕೊಂಡದ್ದು ಬಹಳ ವರ್ಷಗಳ ನಂತರ, ಚೆಂಬೂರಿನ ಮನೆಯಲ್ಲೇ. ಸುದ್ದಿ ತಿಳಿದು ಎಲ್ಲರೂ ಬಂದರು. ಬಿಲ್ಡಿಂಗಿನ ಮೆಟ್ಟಿಲವರೆಗೂ ಚಪ್ಪಲಿಗಳು ಹರಡಿದ್ದವು. ತಂಗಿಯೂ ಬಂದಿದ್ದಳು. ಹೊರಡುವಾಗ ಅವಳ ಚಪ್ಪಲಿ ಆ ರಾಶಿಯಲ್ಲಿ ಸಿಗಲಿಲ್ಲ. ಕಣ್ಣೀರಿನಲ್ಲಿ ಅವಳಿಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ.

ಅಲ್ಲೇ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಚಪ್ಪಲಿಗಳನ್ನು ಜೊತೆ ಮಾಡುತ್ತಿದ್ದವನು ವೆಲ್ಡರ್. ಯಾರೂ ಹೇಳಿರಲಿಲ್ಲ, ತಾನಾಗಿಯೇ ಕೂತಿದ್ದ. ತಲೆಯೆತ್ತಿ ನನ್ನ ತಂಗಿಯನ್ನು ನೋಡಿದ. ಹಿಂದೆ ಎಂದೂ ನೋಡಿದವನಲ್ಲ.

"ಹೆಂಗದಾವ್ರಿ ನಿಮ್ಮ ಚಪ್ಲಿ?"

"ಕಂದು ಬಣ್ಣ. ಹಸಿರು ಪಟ್ಟಿ ಇದೆ. ಎಡಗಾಲಿಂದು ಸ್ವಲ್ಪ ಕಿತ್ತಿದೆ" ಎಂದಳು ಅವಳು.

ಆತ ಹುಡುಕಿ ತೆಗೆದು, ಎರಡನ್ನೂ ಸೀರೆಯ ಅಂಚಿಗೆ ತಾಗದಂತೆ ಅವಳ ಪಾದದ ಮುಂದಿಟ್ಟ. ಅವಳು ಕೈಮುಗಿದಳು. ಆತನೂ ಮುಗಿದ, ಮುಂದಿನವರತ್ತ ತಿರುಗಿದ.

ಬಾಗಿಲಲ್ಲಿ ನಿಂತು ನಾನು ಇಬ್ಬರನ್ನೂ ನೋಡಿದೆ. ಬಾಯಿ ತೆರೆಯಲಿಲ್ಲ. ನನ್ನ ಮೊಣಕೈಯನ್ನು ಯಾರೋ ಮೆಲ್ಲಗೆ ಒತ್ತಿ ಹಿಡಿದಂತಿತ್ತು.